ಶಾಸ್ತ್ರದ ಓದು ಮತ್ತು ಅಂತರಂಗದ ಸೋಪಾನ: ಪ್ರೊ. ರಾ. ದ. ರಾನಡೆಯವರ ವ್ಯಾಸಂಗಕ್ರಮ

1

ಶಾಸ್ತ್ರಗ್ರಂಥಗಳನ್ನು ಓದುವ ಕ್ರಮಗಳು ನಮ್ಮ ಪರಂಪರೆಯಲ್ಲಿ ಹಲವು. ಪುಣ್ಯಸಂಪಾದನೆಗಾಗಿ ಮಾಡುವ ಪಾರಾಯಣ ಒಂದು. ಪದಪದವನ್ನು ಬಿಡಿಸಿ ಅರ್ಥನಿರ್ಣಯ ಮಾಡುವ ಟೀಕೆ-ವ್ಯಾಖ್ಯಾನ ಇನ್ನೊಂದು. ಸಭೆಯ ಮುಂದೆ ಕಥೆ-ದೃಷ್ಟಾಂತಗಳೊಡನೆ ನಡೆಸುವ ಪುರಾಣ-ಪ್ರವಚನ ಮತ್ತೊಂದು. ಆಧುನಿಕ ವಿಶ್ವವಿದ್ಯಾಲಯಗಳು ಇವುಗಳೊಡನೆ ಗ್ರಂಥಸಂಪಾದನೆ, ಕಾಲನಿರ್ಣಯ, ತೌಲನಿಕ ಅಧ್ಯಯನಗಳನ್ನು ಸೇರಿಸಿವೆ. ಇವೆಲ್ಲಕ್ಕಿಂತ ಭಿನ್ನವಾದ ಇನ್ನೊಂದು ಓದೂ ಇದೆ. ಅಲ್ಲಿ ಓದುಗನು ಗ್ರಂಥವನ್ನು ತನ್ನ ಅಂತರಂಗದ ಪಯಣಕ್ಕೆ ಮಾರ್ಗದರ್ಶಿಯೆಂದು ಕೈಗೆತ್ತಿಕೊಳ್ಳುತ್ತಾನೆ. ಗ್ರಂಥ ಹೇಳುವ ಮಾತನ್ನು ತನ್ನ ಬಾಳಿನಲ್ಲಿ ಪರೀಕ್ಷಿಸಿ ನೋಡುತ್ತಾನೆ. ಆ ಪರೀಕ್ಷೆಯಲ್ಲಿ ತಾನೇ ಬದಲಾಗುತ್ತಾನೆ.

ಈ ಬಗೆಯ ಓದಿನ ಅಗತ್ಯವನ್ನು ಸೂಚಿಸುವ ಪ್ರಾಚೀನ ಪ್ರಸಂಗವೊಂದು ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯದಲ್ಲಿದೆ. ನಾರದನು ಸನತ್ಕುಮಾರನ ಬಳಿಗೆ ಶಿಷ್ಯನಾಗಿ ಬರುತ್ತಾನೆ. ತಾನು ಕಲಿತ ವಿದ್ಯೆಗಳ ಉದ್ದನೆಯ ಪಟ್ಟಿಯನ್ನು ಒಪ್ಪಿಸುತ್ತಾನೆ. ನಾಲ್ಕು ವೇದಗಳು, ಇತಿಹಾಸ-ಪುರಾಣ, ಗಣಿತ, ತರ್ಕ, ನಕ್ಷತ್ರವಿದ್ಯೆ ಎಲ್ಲವೂ ಅದರಲ್ಲಿವೆ. ಆದರೂ ತಾನು ಮಂತ್ರವನ್ನು ಬಲ್ಲವನೇ ಹೊರತು ಆತ್ಮವನ್ನು ಬಲ್ಲವನಲ್ಲ, ತನ್ನ ಶೋಕ ಹೋಗಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಸನತ್ಕುಮಾರನು ಅವನ ವಿದ್ಯೆಯನ್ನೆಲ್ಲ 'ನಾಮ' ಎಂದು ಕರೆಯುತ್ತಾನೆ. ಆದರೆ ಅದನ್ನು ತಳ್ಳಿಹಾಕುವುದಿಲ್ಲ ಎಂಬುದು ಇಲ್ಲಿ ಗಮನಾರ್ಹ. ನಾಮದಿಂದಲೇ ಉಪದೇಶವನ್ನು ಆರಂಭಿಸಿ, ವಾಕ್ಕು, ಮನಸ್ಸು, ಸಂಕಲ್ಪ, ಚಿತ್ತ, ಧ್ಯಾನ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಕೊನೆಗೆ ಭೂಮದವರೆಗೆ ಒಯ್ಯುತ್ತಾನೆ. ಪ್ರತಿ ಮೆಟ್ಟಿಲಿನಲ್ಲಿಯೂ ನಾರದನು ಕೇಳುವುದು ಒಂದೇ ಪ್ರಶ್ನೆ: ಇದಕ್ಕಿಂತ ಮಿಗಿಲಾದುದು ಉಂಟೇ? ಹೀಗೆ ಪಾಂಡಿತ್ಯವು ಸೋಪಾನದ ಮೊದಲ ಮೆಟ್ಟಿಲಾಗುತ್ತದೆ. ಅಲ್ಲಿಯೇ ನಿಂತವನಿಗೆ ಶೋಕ ಉಳಿಯುತ್ತದೆ.

ವಿದ್ವತ್ತು ಮತ್ತು ಸಾಧನೆ ಎರಡನ್ನೂ ಒಂದೇ ಬಾಳಿನಲ್ಲಿ ನಡೆಸಿದ ಪ್ರೊ. ರಾಮಚಂದ್ರ ದತ್ತಾತ್ರೇಯ ರಾನಡೆಯವರ (1886-1957) ವ್ಯಾಸಂಗಕ್ರಮವನ್ನು ಆಧಾರವಾಗಿಟ್ಟುಕೊಂಡು ಈ ಓದಿನ ಸ್ವರೂಪ, ಅದರ ನಿಯಮ, ಅದರ ಅಪಾಯ ಮತ್ತು ಕನ್ನಡ ಅಧ್ಯಯನಕ್ಕೆ ಅದರಿಂದ ಒದಗುವ ಬೆಳಕು ಇವುಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2

ಮೊದಲು ಈ ಓದಿನ ಶಾಸ್ತ್ರೀಯ ತಳಹದಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮೈತ್ರೇಯಿಗೆ ಆತ್ಮದರ್ಶನದ ಉಪಾಯವಾಗಿ ಶ್ರವಣ, ಮನನ, ನಿದಿಧ್ಯಾಸನಗಳನ್ನು ಹೇಳುತ್ತಾನೆ. ಶ್ರವಣವೆಂದರೆ ಶಾಸ್ತ್ರವಾಕ್ಯವನ್ನು ಗುರುಮುಖದಿಂದ ಕೇಳಿ ಅದರ ತಾತ್ಪರ್ಯವನ್ನು ಗ್ರಹಿಸುವುದು. ಮನನವೆಂದರೆ ಕೇಳಿದ್ದನ್ನು ಯುಕ್ತಿಯಿಂದ ವಿಚಾರಿಸಿ, ಎದ್ದ ಸಂದೇಹಗಳನ್ನು ಪರಿಹರಿಸಿಕೊಳ್ಳುವುದು. ನಿದಿಧ್ಯಾಸನವೆಂದರೆ ನಿಶ್ಚಯವಾದ ಅರ್ಥದಲ್ಲಿ ಚಿತ್ತವನ್ನು ಎಡೆಬಿಡದೆ ನೆಲೆಗೊಳಿಸುವುದು. ಈ ಮೂರರಲ್ಲಿ ನಡುವಿನ ಮೆಟ್ಟಿಲಾದ ಮನನವನ್ನು ಸಾಧಕರು ಅವಸರದಿಂದ ದಾಟಿಬಿಡುವುದುಂಟು. ವಿದ್ವಾಂಸರು ಅಲ್ಲಿಯೇ ಮನೆ ಕಟ್ಟಿಕೊಳ್ಳುವುದೂ ಉಂಟು. ಉಪನಿಷತ್ತು ಮೂರನ್ನೂ ಒಂದೇ ಸರಣಿಯಲ್ಲಿ ಇಟ್ಟಿದೆ.

ಈ ಉಪದೇಶದ ಸಂದರ್ಭವೂ ಅರ್ಥಪೂರ್ಣವಾದುದು. ಯಾಜ್ಞವಲ್ಕ್ಯನು ಮನೆ ಬಿಟ್ಟು ಹೊರಡುವ ಮುನ್ನ ತನ್ನ ಆಸ್ತಿಯನ್ನು ಇಬ್ಬರು ಹೆಂಡಿರಿಗೆ ಹಂಚಲು ಬಯಸುತ್ತಾನೆ. ಸಂಪತ್ತಿನಿಂದ ಅಮೃತತ್ವ ದೊರೆಯುವುದೇ ಎಂದು ಮೈತ್ರೇಯಿ ಕೇಳುತ್ತಾಳೆ. ಆಸ್ತಿಯ ಪಾಲನ್ನು ಬದಿಗಿಟ್ಟು ಕೇಳಿದ ಈ ಪ್ರಶ್ನೆಗೆ ಉತ್ತರವಾಗಿ ಉಪದೇಶ ಬರುತ್ತದೆ. ಶಾಸ್ತ್ರವು ಮಾರ್ಗದರ್ಶಿಯಾಗಬೇಕಾದರೆ ಓದುಗನಲ್ಲಿ ಇಂಥದೊಂದು ನಿಜವಾದ ಪ್ರಶ್ನೆ ಹುಟ್ಟಿರಬೇಕು ಎಂಬ ಸೂಚನೆ ಇಲ್ಲಿದೆ.

ತೈತ್ತಿರೀಯದ ಭೃಗುವಲ್ಲಿಯು ಇನ್ನೊಂದು ಅಂಶವನ್ನು ತೋರಿಸುತ್ತದೆ. ಬ್ರಹ್ಮವನ್ನು ತಿಳಿಸಬೇಕೆಂದು ಕೇಳಿದ ಮಗನಿಗೆ ವರುಣನು ಬ್ರಹ್ಮದ ಲಕ್ಷಣವನ್ನು ಮಾತ್ರ ಹೇಳಿ, ತಪಸ್ಸಿನಿಂದ ಅದನ್ನು ಅರಿತುಕೋ ಎಂದು ಕಳುಹಿಸುತ್ತಾನೆ. ಭೃಗುವು ಅನ್ನವೇ ಬ್ರಹ್ಮವೆಂದು ತಿಳಿದು ಮರಳಿ ಬರುತ್ತಾನೆ. ತಂದೆ ಅದು ಸರಿ ಎಂದೂ ಹೇಳುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. ಮತ್ತೆ ತಪಸ್ಸಿಗೇ ಕಳುಹಿಸುತ್ತಾನೆ. ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದವನ್ನು ಮುಟ್ಟಿದ ಮೇಲೆ ಭೃಗುವು ತಂದೆಯನ್ನು ಕೇಳಲು ಬರುವುದಿಲ್ಲ. ಮಾರ್ಗದರ್ಶಿಯಾದ ಗ್ರಂಥದ ಲಕ್ಷಣ ಇದೇ. ಅದು ಗುರುತನ್ನು ಹೇಳುತ್ತದೆ, ನಡೆಯುವ ಕೆಲಸವನ್ನು ಓದುಗನಿಗೆ ಬಿಡುತ್ತದೆ, ಅವನ ಅನುಭವವು ಬೆಳೆದಂತೆ ಅದೇ ವಾಕ್ಯವು ಹೊಸ ಅರ್ಥವನ್ನು ಕೊಡುತ್ತದೆ.

3

ರಾನಡೆಯವರು ಜನಿಸಿದ್ದು 1886ರಲ್ಲಿ, ಆಗ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ. ವಿದ್ಯಾರ್ಥಿದೆಸೆಯಲ್ಲಿಯೇ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ಅವರಿಗೆ ನಾಮೋಪದೇಶವಾಯಿತು. ಪುಣೆಯಲ್ಲಿ ಉನ್ನತ ಶಿಕ್ಷಣ ಪಡೆದು, ಅಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, ಕುಲಪತಿಗಳಾಗಿಯೂ ಅವರು ಸೇವೆ ಸಲ್ಲಿಸಿದರು. ಕೊನೆಯ ವರ್ಷಗಳನ್ನು ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ ಕಳೆದು 1957ರಲ್ಲಿ ಅಲ್ಲಿಯೇ ದೇಹವಿಟ್ಟರು.

ಅವರು ಸೇರಿದ ಇಂಚಗೇರಿ ಸಂಪ್ರದಾಯವು ಎರಡು ಭಾಷೆಗಳ ಗಡಿಯಲ್ಲಿ ಬೆಳೆದ ಸಂಪ್ರದಾಯ. ಇದರ ಆದ್ಯರಾದ ನಿಂಬರಗಿ ಮಹಾರಾಜರ ಉಪದೇಶವು 'ಬೋಧಸುಧೆ' ಎಂಬ ಹೆಸರಿನಲ್ಲಿ ಕನ್ನಡದಲ್ಲಿದೆ. ಅವರ ಶಿಷ್ಯರಾದ ಭಾವೂಸಾಹೇಬರ ಉಮದಿಯು ಇಂದಿನ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿದೆ. ಅವರು ಮಠವನ್ನು ಸ್ಥಾಪಿಸಿದ ಇಂಚಗೇರಿಯು ಕರ್ನಾಟಕದಲ್ಲಿದೆ. ಸಮರ್ಥ ರಾಮದಾಸರ ಮರಾಠಿ 'ದಾಸಬೋಧ'ವು ಈ ಸಂಪ್ರದಾಯದ ಪ್ರಮುಖ ಪಠ್ಯ. ನಾಮಧ್ಯಾನ, ದಾಸಬೋಧದ ಓದು, ಭಜನೆ ಇವು ಅಲ್ಲಿಯ ಸಾಧಕರ ನಿತ್ಯನೇಮದ ಅಂಗಗಳು. ಇಪ್ಪತ್ತು ದಶಕಗಳಲ್ಲಿ, ದಶಕಕ್ಕೆ ಹತ್ತರಂತೆ ಇನ್ನೂರು ಸಮಾಸಗಳಲ್ಲಿ ಹರಡಿಕೊಂಡ ಈ ಗ್ರಂಥವನ್ನು ಕ್ರಮವಾಗಿ ಓದಿ ಮುಗಿಸಿ, ಮತ್ತೆ ಮೊದಲಿನಿಂದ ಆರಂಭಿಸಬೇಕು. ಮೂರ್ಖರ ಲಕ್ಷಣಗಳನ್ನು ಹೇಳುವ ಸಮಾಸವೂ ಆತ್ಮನಿರೂಪಣೆಯ ಸಮಾಸವೂ ಒಂದೇ ಗ್ರಂಥದಲ್ಲಿರುವುದರಿಂದ, ಹೀಗೆ ಸುತ್ತು ಬರುವ ಓದುಗನಿಗೆ ನಿತ್ಯನಡವಳಿಕೆಯ ವಿಮರ್ಶೆ ಮತ್ತು ತತ್ತ್ವಚಿಂತನೆ ಬೇರೆಬೇರೆಯಾಗಿ ಉಳಿಯುವುದಿಲ್ಲ.

ಇದೇ ಪರಂಪರೆಯ ಇನ್ನೊಂದು ಕವಲು ಮುಂಬಯಿಯನ್ನು ತಲುಪಿತು. ಭಾವೂಸಾಹೇಬರ ಶಿಷ್ಯರಾದ ಸಿದ್ಧರಾಮೇಶ್ವರ ಮಹಾರಾಜರು (1888-1936) ದಾಸಬೋಧ ಮೊದಲಾದ ಗ್ರಂಥಗಳನ್ನು ಹಿಡಿದು ನಿರೂಪಣೆ ಮಾಡುತ್ತಿದ್ದರು. ಆ ನಿರೂಪಣೆಗಳನ್ನು ಕೇಳಿ ಟಿಪ್ಪಣಿ ಬರೆದುಕೊಂಡವರು ಮುಂದೆ ಜಗತ್ತಿನ ಹಲವೆಡೆಯ ಜಿಜ್ಞಾಸುಗಳನ್ನು ಸೆಳೆದ ಮುಂಬಯಿಯ ನಿಸರ್ಗದತ್ತ ಮಹಾರಾಜರು (1897-1981). ಗಡಿನಾಡಿನ ಮಠದ ಓದು ಮಹಾನಗರದ ಪುಟ್ಟ ಕೋಣೆಯಲ್ಲಿ ಮುಂದುವರಿದ ಬಗೆ ಹೊರನಾಡ ಕನ್ನಡಿಗರ ಗಮನಕ್ಕೆ ಬರಬೇಕಾದ ಸಂಗತಿ.

4

ರಾನಡೆಯವರ ವ್ಯಾಸಂಗಕ್ರಮವನ್ನು ಅವರ ಕೃತಿಗಳಲ್ಲಿ ಎರಡು ಹಂತಗಳಾಗಿ ಗುರುತಿಸಬಹುದು. ಮೊದಲನೆಯದು 1926ರಲ್ಲಿ ಪ್ರಕಟವಾದ ಉಪನಿಷತ್ತುಗಳ ಸಮೀಕ್ಷೆ. ಇಂಗ್ಲಿಷಿನಲ್ಲಿರುವ ಈ ಗ್ರಂಥವು 'ಉಪನಿಷದ್ರಹಸ್ಯ'ವೆಂಬ ಹೆಸರಿನಲ್ಲಿ ದ. ರಾ. ಬೇಂದ್ರೆಯವರಿಂದ ಕನ್ನಡಕ್ಕೆ ಬಂದಿದೆ. ಇದರಲ್ಲಿ ರಾನಡೆಯವರು ವಿಶ್ವವಿದ್ಯಾಲಯದ ಪದ್ಧತಿಯನ್ನು ಸಡಿಲಿಸಿಲ್ಲ. ಉಪನಿಷತ್ತುಗಳ ಪೌರ್ವಾಪರ್ಯವನ್ನು ಚರ್ಚಿಸುತ್ತಾರೆ. ಸೃಷ್ಟಿ, ಮನಸ್ಸು, ನೀತಿ ಮೊದಲಾದ ಸಮಸ್ಯೆಗಳನ್ನು ವಿಂಗಡಿಸುತ್ತಾರೆ. ಗ್ರೀಕ್ ಮತ್ತು ಯುರೋಪಿನ ತತ್ತ್ವಜ್ಞಾನಿಗಳೊಡನೆ ಹೋಲಿಸುತ್ತಾರೆ. ಆದರೆ ಇಡೀ ವಿವೇಚನೆಯನ್ನು ಆತ್ಮಸಾಕ್ಷಾತ್ಕಾರದ ಅಧ್ಯಾಯಕ್ಕೆ ತಂದು ನಿಲ್ಲಿಸುತ್ತಾರೆ. ಉಪನಿಷತ್ತುಗಳು ಅನುಭವದಿಂದ ಹೊಮ್ಮಿದ ದಾಖಲೆಗಳು, ಆದ್ದರಿಂದ ಅವುಗಳ ಅರ್ಥವು ಅನುಭವದಲ್ಲಿಯೇ ಪೂರ್ಣವಾಗಬೇಕು ಎಂಬುದು ಅವರ ನಿಲುವು.

ಈ ದೃಷ್ಟಿಯಿಂದ ನೋಡಿದಾಗ ಸಾಮಾನ್ಯ ಓದಿನಲ್ಲಿ ಅಲಂಕಾರದಂತೆ ತೋರುವ ಭಾಗಗಳು ಮಹತ್ತ್ವ ಪಡೆಯುತ್ತವೆ. ಶ್ವೇತಾಶ್ವತರದ ಎರಡನೆಯ ಅಧ್ಯಾಯವು ಯೋಗಿಗೆ ಮುಂಚಿತವಾಗಿ ತೋರುವ ರೂಪಗಳನ್ನು ಹೇಳುತ್ತದೆ: ಮಂಜು, ಹೊಗೆ, ಸೂರ್ಯ, ಗಾಳಿ, ಬೆಂಕಿ, ಮಿಂಚುಹುಳು, ಮಿಂಚು, ಸ್ಫಟಿಕ, ಚಂದ್ರ. ಇದನ್ನು ದಾರಿಯಲ್ಲಿ ಎದುರಾಗುವ ಗುರುತುಗಳ ಪಟ್ಟಿಯೆಂದು ಓದಬೇಕು. ಬೃಹದಾರಣ್ಯಕ ಮತ್ತು ಛಾಂದೋಗ್ಯಗಳು ಕಿವಿ ಮುಚ್ಚಿಕೊಂಡಾಗ ಒಳಗೆ ಕೇಳುವ ನಾದವನ್ನು ಹೇಳುತ್ತವೆ. ಬೃಹದಾರಣ್ಯಕವು ಈ ನಾದವನ್ನು ಅನ್ನವನ್ನು ಪಚನ ಮಾಡುವ ವೈಶ್ವಾನರಾಗ್ನಿಯ ಸದ್ದೆಂದು ವಿವರಿಸುವುದು ಕುತೂಹಲಕರ. ಒಳಗೆ ಕೇಳಿದ್ದೆಲ್ಲವನ್ನೂ ಪರಮಾರ್ಥವೆಂದು ಭಾವಿಸಬಾರದು ಎಂಬ ಎಚ್ಚರಿಕೆಗೆ ಉಪನಿಷತ್ತಿನಲ್ಲಿಯೇ ಆಸ್ಪದವಿದೆ. ಇದೇ ರೀತಿಯಲ್ಲಿ ಕಠೋಪನಿಷತ್ತು ದುಶ್ಚರಿತದಿಂದ ಹಿಂದೆ ಸರಿಯದವನಿಗೆ, ಶಾಂತನಲ್ಲದವನಿಗೆ ಬುದ್ಧಿಬಲದಿಂದ ಮಾತ್ರ ಆತ್ಮವು ದೊರೆಯದೆನ್ನುತ್ತದೆ. ಗುರುತುಗಳ ಜೊತೆಗೆ ಅರ್ಹತೆಯನ್ನೂ ಹೇಳುವುದರಿಂದ ಗ್ರಂಥವು ನಂಬಬಹುದಾದ ಮಾರ್ಗದರ್ಶಿಯಾಗುತ್ತದೆ.

ಎರಡನೆಯ ಹಂತ ಸಂತವಾಙ್ಮಯದ ಓದು. ಮಹಾರಾಷ್ಟ್ರದ ಸಂತರನ್ನು ಕುರಿತ ಅವರ ಬೃಹದ್ಗ್ರಂಥ 1933ರಲ್ಲಿ ಬಂದಿತು. ಹಿಂದೀ ಸಂತರ ಪದಗಳನ್ನು ಅವರು 'ಪರಮಾರ್ಥಸೋಪಾನ'ವೆಂಬ ಹೆಸರಿನಲ್ಲಿ ಸಂಕಲಿಸಿದರು. ಹಿಂದೀ ಸಾಹಿತ್ಯವನ್ನು ಕುರಿತ ಅವರ ವಿವೇಚನೆ 1954ರಲ್ಲಿ ಪ್ರಕಟವಾಯಿತು. ವೀರಶೈವ ಶರಣರನ್ನೂ ಹರಿದಾಸರನ್ನೂ ಒಳಗೊಂಡ ಕನ್ನಡದ ವಿವೇಚನೆ ಅವರ ನಿಧನಾನಂತರ 1960ರಲ್ಲಿ ಬೆಳಕು ಕಂಡಿತು. ಪರಮಾರ್ಥಸೋಪಾನದ ಯೋಜನೆಯಲ್ಲಿ ಐದು ಮೆಟ್ಟಿಲುಗಳಿವೆ: ಪರಮಾರ್ಥದತ್ತ ತಿರುಗಿಸುವ ಪ್ರೇರಣೆಗಳು, ನೈತಿಕ ಸಿದ್ಧತೆ, ದೇವರಿಗೂ ಸಂತರಿಗೂ ಇರುವ ಸಂಬಂಧ, ಯಾತ್ರೆಯ ಆರಂಭ, ಅತ್ಯುಚ್ಚ ಆರೋಹಣ. ಕವಿಯ ಕಾಲ, ಪಂಥಗಳ ಕ್ರಮವನ್ನು ಬಿಟ್ಟು ಸಾಧಕನ ಸ್ಥಿತಿಯ ಕ್ರಮದಲ್ಲಿ ಪದಗಳನ್ನು ಜೋಡಿಸಿರುವುದು ಇದರ ವೈಶಿಷ್ಟ್ಯ. ಬಾಳಿನ ಅನಿತ್ಯತೆಯನ್ನು ಹೇಳುವ ಪದವು ಮೊದಲಿಗೆ ಬರುತ್ತದೆ. ನಾಮಸ್ಮರಣೆಯ ಪದವು ಯಾತ್ರೆ ಹೊರಟವನಿಗೆ ದೊರೆಯುತ್ತದೆ. ಆನಂದಾನುಭವದ ಪದವು ಕೊನೆಯ ಮೆಟ್ಟಿಲಿನಲ್ಲಿರುತ್ತದೆ. ಓದುಗನು ತಾನು ಎಲ್ಲಿ ನಿಂತಿದ್ದೇನೆಂದು ಕೇಳಿಕೊಳ್ಳದೆ ಮುಂದೆ ಹೋಗಲಾಗದಂಥ ಸಂಯೋಜನೆ ಇದು.

5

ಚದುರಿದ ಪದಗಳನ್ನು ಸೋಪಾನವಾಗಿಸುವ ಈ ಉಪಾಯ ಕನ್ನಡಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಸಂಕಲಿಸಿದ ವಿರಕ್ತರು ಇದನ್ನೇ ಮಾಡಿದರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ, ಇನ್ನೂ ಸೂಕ್ಷ್ಮವಾಗಿ ನೂರೊಂದು ಸ್ಥಲಗಳಲ್ಲಿ ವಚನಗಳನ್ನು ವಿಂಗಡಿಸಿದರು. ಆಯಾ ಸಂದರ್ಭದಲ್ಲಿ ಹುಟ್ಟಿದ ಬಿಡಿ ಮಾತುಗಳು ಅಂತರಂಗದ ಬೆಳವಣಿಗೆಯ ನಕ್ಷೆಯಾಗಿ ರೂಪುಗೊಂಡವು. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರು ಹೆಸರಿನಲ್ಲಿಯೇ ವಚನಗಳನ್ನು ಶಾಸ್ತ್ರವೆಂದು ಕರೆದುದು ಈ ಪರಂಪರೆಗೆ ಸಹಜವಾಗಿದೆ. ಆದರೆ ಸ್ಥಲಗಳನ್ನು ಏಣಿಯ ಮೆಟ್ಟಿಲುಗಳೆಂದು ಯಾಂತ್ರಿಕವಾಗಿ ತಿಳಿಯಲಾಗದು. ಒಂದೊಂದು ಸ್ಥಲದಲ್ಲಿಯೂ ಉಳಿದ ಸ್ಥಲಗಳು ಅಡಗಿವೆ ಎಂಬ ಮಿಶ್ರಷಟ್‌ಸ್ಥಲದ ಕಲ್ಪನೆಯನ್ನು ಪರಂಪರೆಯೇ ಬೆಳೆಸಿದೆ. ಐಕ್ಯದ ಹಂಬಲವಿಲ್ಲದೆ ಭಕ್ತನಿಲ್ಲ. ಭಕ್ತನ ವಿನಯವಿಲ್ಲದೆ ಐಕ್ಯವಿಲ್ಲ.

ಶೂನ್ಯಸಂಪಾದನೆಯು ಇನ್ನೊಂದು ಬಗೆಯ ಜೋಡಣೆಯನ್ನು ಆರಿಸಿಕೊಂಡಿತು. ಅದು ವಚನಗಳನ್ನು ಸಂವಾದವಾಗಿ ಹೆಣೆಯಿತು. ಅಲ್ಲಮನು ಒಬ್ಬೊಬ್ಬ ಸಾಧಕನನ್ನು ಎದುರುಗೊಂಡಾಗಲೂ ಅವನಲ್ಲಿ ಉಳಿದಿರುವ ಕೊರತೆಯನ್ನು ಹುಡುಕಿ ಮುಟ್ಟುತ್ತಾನೆ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ-ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನಲ್ಲಿ ಅದು ಕರ್ತೃತ್ವದ ಅಭಿಮಾನ. ಗೋರಕ್ಷನಲ್ಲಿ ವಜ್ರಕಾಯದ ಅಭಿಮಾನ. ಕತ್ತಿ ತಗುಲಿದಾಗ ಗೋರಕ್ಷನ ದೇಹ ಖಣಿಲೆನ್ನುತ್ತದೆ. ಅಲ್ಲಮನ ದೇಹದ ಮೂಲಕ ಅದೇ ಕತ್ತಿ ಬಯಲಿನಲ್ಲಿ ಆಡಿದಂತೆ ಹಾದುಹೋಗುತ್ತದೆ. ಸಿದ್ಧರಾಮನ ಲೋಕೋಪಕಾರವಾಗಲಿ ಗೋರಕ್ಷನ ಯೋಗಸಿದ್ಧಿಯಾಗಲಿ ಕೀಳಾದುದಲ್ಲ. ಅದು ತನ್ನದೆಂಬ ಅಂಟು ಉಳಿದಿರುವುದು ತೊಡಕು. ಈ ಪ್ರಸಂಗಗಳನ್ನು ಓದುವವನು ತನ್ನ ಅಂಟು ಯಾವುದೆಂದು ಕೇಳಿಕೊಳ್ಳಬೇಕಾಗುತ್ತದೆ. ವಿದ್ವಾಂಸನಿಗೆ ಅದು ತನ್ನ ವಿದ್ವತ್ತೇ ಆಗಿರಬಹುದು. ನಾರದನ ಪಟ್ಟಿಯೂ ಗೋರಕ್ಷನ ವಜ್ರಕಾಯವೂ ಇಲ್ಲಿ ಒಂದೇ ಸಾಲಿಗೆ ಬರುತ್ತವೆ.

6

ಈ ಕ್ರಮದ ಮಿತಿಗಳನ್ನೂ ಹೇಳಬೇಕು. ಪದಗಳನ್ನು ಸೋಪಾನವಾಗಿ ಜೋಡಿಸಿದಾಗ ಅವು ತಮ್ಮ ಸಂದರ್ಭದಿಂದ ಬೇರ್ಪಡುತ್ತವೆ. ಕೀರ್ತನೆಯ ರಾಗ, ಅದನ್ನು ಹಾಡುವ ಸಮುದಾಯ, ವಚನದ ಹಿಂದಿನ ಕಾಯಕ-ದಾಸೋಹಗಳ ಬದುಕು, ಅದು ಪ್ರತಿಭಟಿಸಿದ ಸಾಮಾಜಿಕ ವ್ಯವಸ್ಥೆ ಇವೆಲ್ಲ ಹಿನ್ನೆಲೆಗೆ ಸರಿಯುತ್ತವೆ. ಜೀವೇಶ್ವರ ಭೇದವನ್ನು ಒಪ್ಪುವ ಹರಿದಾಸರನ್ನೂ ಲಿಂಗಾಂಗಸಾಮರಸ್ಯವನ್ನು ಹೇಳುವ ಶರಣರನ್ನೂ ಒಂದೇ ಶಿಖರಕ್ಕೆ ಏರಿಸುವಾಗ ಸಿದ್ಧಾಂತಗಳ ಅಂತರ ಮಸುಕಾಗುತ್ತದೆ. ಅನುಭವದ ನೆಲೆಯಲ್ಲಿ ಎಲ್ಲ ಸಂತರೂ ಸಮಾನರೆಂಬ ನಂಬಿಕೆಯಿಂದ ರಾನಡೆಯವರು ಈ ಬೆಲೆಯನ್ನು ತೆತ್ತರು. ಆ ನಂಬಿಕೆಯನ್ನು ಗೌರವಿಸುತ್ತಲೇ ಭೇದಗಳನ್ನು ನಿಖರವಾಗಿ ಗುರುತಿಸುವುದು ಅವರ ನಂತರದ ಅಧ್ಯಯನದ ಹೊಣೆ.

ಇದಕ್ಕಿಂತ ದೊಡ್ಡ ಅಪಾಯ ಆತ್ಮವಂಚನೆ. ಗ್ರಂಥವನ್ನು ಅಂತರಂಗಕ್ಕೆ ಅನ್ವಯಿಸಿಕೊಳ್ಳುವವನು ತನಗೆ ಬೇಕಾದುದನ್ನೇ ಗ್ರಂಥದಲ್ಲಿ ಕಾಣಬಹುದು. ಬೆಡಗಿನ ವಚನವನ್ನೋ ಕನಕದಾಸರ ಮುಂಡಿಗೆಯನ್ನೋ ಎತ್ತಿಕೊಂಡು ಮನಸ್ಸಿಗೆ ತೋಚಿದ ಸಂಕೇತಾರ್ಥವನ್ನು ಹೇರುವುದು ಸುಲಭ. ಇಂಥ ರಚನೆಗಳಿಗೆ ಪರಂಪರೆಯು ಟೀಕೆಗಳನ್ನು ಒದಗಿಸಿದ್ದು ಈ ಸ್ವೇಚ್ಛೆಗೆ ಕಡಿವಾಣವಾಗಿ. ಅಂತೆಯೇ ಪಾಠಾಂತರವನ್ನು ನೋಡುವುದು, ಪಾರಿಭಾಷಿಕ ಪದದ ಅರ್ಥವನ್ನು ಆ ಕಾಲದ ಪ್ರಯೋಗದಿಂದ ನಿರ್ಣಯಿಸುವುದು, ಪ್ರಕ್ಷಿಪ್ತವನ್ನು ಬೇರ್ಪಡಿಸುವುದು ಇವು ಸಾಧಕನ ಓದಿಗೆ ಹೊರಗಿನ ಕೆಲಸಗಳಲ್ಲ. 'ಪ್ರಸಾದ', 'ಬಯಲು', 'ಅರಿವು' ಎಂಬ ಪದಗಳನ್ನು ಇಂದಿನ ಬಳಕೆಯ ಅರ್ಥದಲ್ಲಿಯೇ ತಿಳಿದವನು ಬೇರೆ ಊರಿನ ನಕ್ಷೆ ಹಿಡಿದು ಹೊರಟಂತಾಗುತ್ತದೆ. ಯಾಜ್ಞವಲ್ಕ್ಯನು ಹೇಳಿದ ಮನನದ ವ್ಯಾಪ್ತಿಯಲ್ಲಿ ವಿಶ್ವವಿದ್ಯಾಲಯದ ಈ ಪರಿಶ್ರಮಕ್ಕೂ ಸ್ಥಾನವಿದೆ.

ರಾನಡೆಯವರು ಅನುಭಾವದ ನೈಜತೆಯನ್ನು ಅಳೆಯಲು ಒರೆಗಲ್ಲುಗಳನ್ನು ಸೂಚಿಸಿದ್ದು ಇದೇ ಕಾರಣಕ್ಕೆ. ಮಹಾರಾಷ್ಟ್ರದ ಸಂತರನ್ನು ಕುರಿತ ಗ್ರಂಥದ ಪ್ರಸ್ತಾವನೆಯಲ್ಲಿ ಅವರು ಈ ವಿಷಯವನ್ನು ಚರ್ಚಿಸುತ್ತಾರೆ. ನಿಜವಾದ ಅನುಭಾವಕ್ಕೆ ಸಾರ್ವತ್ರಿಕತೆ ಇರಬೇಕು. ಬೇರೆ ದೇಶಕಾಲಗಳ ಸಂತರ ಸಾಕ್ಷ್ಯದೊಡನೆ ಅದು ಹೊಂದಬೇಕು. ಅದು ಬುದ್ಧಿಯನ್ನು ಮಂಕಾಗಿಸದೆ ಹರಿತಗೊಳಿಸಬೇಕು. ಭಾವವನ್ನು ಶುದ್ಧಗೊಳಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ನಡತೆಯನ್ನು ಉನ್ನತಗೊಳಿಸಬೇಕು. ಅಂತರ್ಬೋಧೆಯು ಬುದ್ಧಿ, ಭಾವ, ಸಂಕಲ್ಪಗಳಿಗೆ ವಿರೋಧಿಯಲ್ಲ, ಅವುಗಳ ಹಿಂದೆ ನಿಂತು ಅವನ್ನು ವ್ಯಾಪಿಸುವಂಥದು ಎಂಬುದು ಅವರ ಅಭಿಪ್ರಾಯ. ಈ ಒರೆಗಲ್ಲುಗಳಲ್ಲಿ ನಡತೆಯದೊಂದನ್ನು ಮಾತ್ರ ಓದುಗನ ಸುತ್ತಲಿನವರೂ ಪ್ರಯೋಗಿಸಿ ನೋಡಬಲ್ಲರು. ಒಳಗೆ ಕಂಡ ಬೆಳಕನ್ನು ಇನ್ನೊಬ್ಬರು ನೋಡಲಾರರು. ಆದರೆ ಕೋಪ ಇಳಿದಿದೆಯೇ, ಕೊಡುವ ಕೈ ಬೆಳೆದಿದೆಯೇ, ನುಡಿದಂತೆ ನಡೆದಿದ್ದಾನೆಯೇ ಎಂಬುದನ್ನು ಮನೆಯವರೂ ನೆರೆಯವರೂ ಹೇಳಬಲ್ಲರು. ಪರಿವರ್ತನೆಯ ಓದು ಏಕಾಂತದಲ್ಲಿ ನಡೆದರೂ ಅದರ ಪರೀಕ್ಷೆ ಲೋಕಾಂತದಲ್ಲಿಯೇ ನಡೆಯುತ್ತದೆ.

7

ಇಷ್ಟರಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಶಾಸ್ತ್ರವು ಅಂತರಂಗದ ಮಾರ್ಗದರ್ಶಿಯಾಗಲು ಓದುಗನಲ್ಲಿ ನಿಜವಾದ ಪ್ರಶ್ನೆ ಇರಬೇಕು. ಓದಿಗೆ ಕ್ರಮ ಮತ್ತು ಪುನರಾವರ್ತನೆ ಇರಬೇಕು. ಅರ್ಥನಿರ್ಣಯದಲ್ಲಿ ಯುಕ್ತಿಯ ಕಾವಲಿರಬೇಕು. ಫಲವನ್ನು ನಡತೆಯಲ್ಲಿ ನೋಡಬೇಕು. ಇವುಗಳಲ್ಲಿ ಯುಕ್ತಿಯನ್ನು ಬಿಟ್ಟರೆ ಭಕ್ತಿಯು ಭ್ರಮೆಯತ್ತ ಸರಿಯುತ್ತದೆ. ಪ್ರಶ್ನೆಯನ್ನು ಬಿಟ್ಟರೆ ಪಾಂಡಿತ್ಯವು ನಾರದನ ಪಟ್ಟಿಯಾಗಿ ಉಳಿಯುತ್ತದೆ.

ಕನ್ನಡ ವಿಭಾಗಗಳಲ್ಲಿ ವಚನ, ಕೀರ್ತನೆ, ತತ್ತ್ವಪದಗಳನ್ನು ಪಠ್ಯವಾಗಿ ಅಭ್ಯಸಿಸುವ ವಿದ್ಯಾರ್ಥಿಗಳೆಲ್ಲ ಸಾಧಕರಾಗಬೇಕೆಂದು ಯಾರೂ ವಿಧಿಸಲಾಗದು. ಅದು ವಿಶ್ವವಿದ್ಯಾಲಯದ ಕೆಲಸವೂ ಅಲ್ಲ. ಆದರೆ ಈ ಪಠ್ಯಗಳು ಓದುಗನನ್ನು ಬದಲಿಸುವ ಉದ್ದೇಶದಿಂದ ಹುಟ್ಟಿದವು, ಸಂಕಲನಕಾರರು ಅದೇ ಉದ್ದೇಶದಿಂದ ಅವುಗಳನ್ನು ಜೋಡಿಸಿದರು ಎಂಬ ಸಂಗತಿಯನ್ನು ಕೈಬಿಟ್ಟರೆ ಅವುಗಳ ರಚನೆಯೇ ಅರ್ಥವಾಗುವುದಿಲ್ಲ. ಒಂದು ವಚನವು ಯಾವ ಸ್ಥಲದಲ್ಲಿದೆ, ಅಲ್ಲಿಯೇ ಏಕೆ ಇದೆ, ಅದರ ಮುಂದಿನ ವಚನವು ಓದುಗನಿಂದ ಏನನ್ನು ಕೇಳುತ್ತದೆ ಎಂಬ ಪ್ರಶ್ನೆಗಳು ಸಂಪಾದನಶಾಸ್ತ್ರದ ಪ್ರಶ್ನೆಗಳೂ ಹೌದು, ಸಾಧನೆಯ ಪ್ರಶ್ನೆಗಳೂ ಹೌದು.

ಹೊರನಾಡಿನಲ್ಲಿರುವ ಕನ್ನಡ ಅಧ್ಯಯನಕ್ಕೆ ಇಲ್ಲಿ ವಿಶೇಷವಾದ ಅನುಕೂಲವೊಂದಿದೆ. ಬೇಂದ್ರೆಯವರು 1944ರಿಂದ 1956ರವರೆಗೆ ಕನ್ನಡ ಪ್ರಾಧ್ಯಾಪಕರಾಗಿದ್ದುದು ಸಿದ್ಧರಾಮನ ಸೊಲ್ಲಾಪುರದಲ್ಲಿ. ರಾನಡೆಯವರ ವಿದ್ವತ್ತು ರೂಪುಗೊಂಡದ್ದು ಪುಣೆಯಲ್ಲಿ. ಇಂಚಗೇರಿಯ ಧಾರೆ ಹರಿದುಬಂದದ್ದು ಮುಂಬಯಿಗೆ. ಮರಾಠಿಯ ದಾಸಬೋಧವನ್ನೂ ಕನ್ನಡದ ಬೋಧಸುಧೆಯನ್ನೂ ಮೂಲದಲ್ಲಿಯೇ ಓದಬಲ್ಲ ವಿದ್ಯಾರ್ಥಿಗಳು ಈ ನಗರಗಳಲ್ಲಿದ್ದಾರೆ. ಒಂದೇ ಸಾಧಕಸಮುದಾಯವು ಎರಡು ಭಾಷೆಗಳ ಗ್ರಂಥಗಳನ್ನು ಒಂದೇ ನೇಮದಲ್ಲಿ ಹೇಗೆ ಓದಿತು, ಓದುತ್ತ ಹೇಗೆ ಬಾಳಿತು ಎಂಬ ಅಧ್ಯಯನವನ್ನು ಕೈಗೊಳ್ಳಲು ಅವರಿಗಿಂತ ಹೆಚ್ಚು ಸಿದ್ಧರಾದವರು ವಿರಳ.